ಬೆಲೆ ಹೇಳುವವರು ಯಾರು? ರೈತನ ಮಗ ಗಾಲ್‌ಬ್ರೇತ್ ಹಿಂದೆ ಬಿದ್ದ ಪ್ರಶ್ನೆ

ರೈತ ತಾನು ಬೆಳೆದದ್ದನ್ನು ಮಂಡಿಗೆ ತಂದು ಹಾಕುತ್ತಾನೆ. ಅಲ್ಲಿ ಬೆಲೆ ಹೇಳುವವನು ಕೊಳ್ಳುವವನು. ಅದೇ ರೈತ ಗೊಬ್ಬರವನ್ನೋ ಟ್ರ್ಯಾಕ್ಟರನ್ನೋ ಕೊಳ್ಳಲು ಹೋಗುತ್ತಾನೆ. ಈಗ ಬೆಲೆ ಹೇಳುವವನು ಮಾರುವವನು. ಎರಡು ಕಡೆಯೂ ರೈತ ಸುಮ್ನೆ ಕೇಳಿಸಿಕೊಳ್ಳಬೇಕು. ಹಳ್ಳಿಯಲ್ಲಿ ಬೆಳೆದ ಯಾರಿಗೂ ಇದು ಹೊಸ ವಿಷಯವಲ್ಲ. ಆದರೆ ಅರ್ಥಶಾಸ್ತ್ರದ ಪಠ್ಯಪುಸ್ತಕ ತೆರೆದರೆ ಬೇರೆ ಕಥೆ ಇರುತ್ತದೆ. ಬೇಡಿಕೆಯದೊಂದು ಗೆರೆ, ಪೂರೈಕೆಯದೊಂದು ಗೆರೆ. ಎರಡೂ ಕೂಡುವ ಕಡೆ ಬೆಲೆ ತಾನಾಗಿ ಹುಟ್ಟುತ್ತದೆ. ಅಲ್ಲಿ ಯಾರೂ ಯಾರ ಮೇಲೂ ಜೋರು ಮಾಡುವುದಿಲ್ಲ.

ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೇತ್ ತಮ್ಮ ಬದುಕನ್ನೆಲ್ಲ ಈ ಎರಡು ಕಥೆಗಳ ನಡುವೆ ನಿಂತು ಕಳೆದರು. ಕೆನಡಾದ ಹಳ್ಳಿಯಿಂದ ಅಮೆರಿಕಕ್ಕೆ ವಲಸೆ ಹೋದವರು ಅವರು. ಮಹಾಯುದ್ಧದ ಕಾಲದಲ್ಲಿ ಇಡೀ ದೇಶದ ಬೆಲೆಗಳನ್ನು ಹಿಡಿದಿಟ್ಟ ಅಧಿಕಾರಿ, ಪತ್ರಿಕೆಯ ಸಂಪಾದಕ, ಹಾರ್ವರ್ಡ್ ಪ್ರೊಫೆಸರ್, 1961ರಿಂದ 1963ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿ. ಅವರ ಪರಿಚಯ ಸಾಮಾನ್ಯವಾಗಿ ಈ ಹುದ್ದೆಗಳ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಆರಡಿ ಎಂಟು ಅಂಗುಲ ಎತ್ತರವಿದ್ದರು ಅನ್ನುವ ಮಾತೂ ಕೊನೆಗೆ ಸೇರಿಕೊಳ್ಳುತ್ತದೆ. ನನಗೆ ಅದು ಸಾಲದು ಅನ್ನಿಸುತ್ತದೆ. ಈ ಕೆಲಸಗಳನ್ನೆಲ್ಲ ಪೋಣಿಸುವ ದಾರ ಒಂದೇ. ಬೆಲೆ ಹೇಳುವ ಶಕ್ತಿ ಯಾರ ಕೈಯಲ್ಲಿದೆ, ಅದು ಅವರ ಕೈಗೆ ಹೇಗೆ ಬಂತು? ಆ ದಾರ ಹಿಡಿದುಕೊಂಡು ಹೋದರೆ ಅವರ ಕಷ್ಟವೆನಿಸುವ ವಿಚಾರಗಳೂ ಸಲೀಸಾಗಿ ಬಿಡಿಸಿಕೊಳ್ಳುತ್ತವೆ.

ಗಾಲ್‌ಬ್ರೇತ್ ಹುಟ್ಟಿದ್ದು 1908ರ ಅಕ್ಟೋಬರ್ 15ರಂದು, ಒಂಟಾರಿಯೊ ಪ್ರಾಂತ್ಯದ ಅಯೋನಾ ಸ್ಟೇಷನ್ ಎಂಬ ಪುಟ್ಟ ಊರಿನಲ್ಲಿ. ಸ್ಕಾಟ್ಲೆಂಡಿನಿಂದ ಬಂದು ಈರೀ ಸರೋವರದ ದಡದಲ್ಲಿ ನೆಲೆನಿಂತ ಬೇಸಾಯಗಾರರ ಸೀಮೆ ಅದು. ತಂದೆ ಆರ್ಚಿ ಮೊದಲು ಮೇಷ್ಟ್ರಾಗಿದ್ದರು, ಆಮೇಲೆ ಹೊಲ ನೋಡಿಕೊಂಡರು. ಲಿಬರಲ್ ಪಕ್ಷದ ಸ್ಥಳೀಯ ಮುಖಂಡರೂ ಹೌದು. ಒಂದು ಚುನಾವಣಾ ಸಭೆಯಲ್ಲಿ ಅವರಿಗೆ ನಿಂತು ಮಾತಾಡಲು ಎತ್ತರದ ಜಾಗ ಸಿಗಲಿಲ್ಲ. ಅಲ್ಲೇ ಇದ್ದ ತಿಪ್ಪೆಯ ಮೇಲೆ ಹತ್ತಿದರು. ಎದುರಾಳಿ ಟೋರಿ ಪಕ್ಷದ ವೇದಿಕೆ ಮೇಲೆ ನಿಂತು ಮಾತಾಡಬೇಕಾಗಿದೆ, ಕ್ಷಮಿಸಿ ಎಂದು ಸಭಿಕರಿಗೆ ಹೇಳಿದರಂತೆ. ಮಗ ಈ ಪ್ರಸಂಗವನ್ನು ಜೀವನಪೂರ್ತಿ ನೆನೆಯುತ್ತಿದ್ದರು. ಗಾಲ್‌ಬ್ರೇತರ ಬರವಣಿಗೆಯಲ್ಲಿ ಕಾಣುವ ಚುರುಕಿನ ಬೇರು ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ತಾಯಿ ತೀರಿಹೋದಾಗ ಅವರಿಗೆ ಹದಿನಾಲ್ಕು ವರ್ಷ.

ಗ್ವೆಲ್ಫ್ ಊರಿನ ಕೃಷಿ ಕಾಲೇಜಿನಲ್ಲಿ ಅವರು ಓದಿದ್ದು ಪಶುಸಂಗೋಪನೆ. 1931ರಲ್ಲಿ ಪದವಿ ಮುಗಿಯಿತು. ಆ ವರ್ಷಗಳನ್ನು ನೆನಪಿಡಿ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು, ಮಹಾ ಆರ್ಥಿಕ ಕುಸಿತ ಶುರುವಾಗಿತ್ತು, ದನಕ್ಕೂ ಧಾನ್ಯಕ್ಕೂ ಬೆಲೆಯೇ ಇರಲಿಲ್ಲ. ಒಳ್ಳೆಯ ತಳಿಯ ದನ ಸಾಕುವುದನ್ನು ಕಲಿತೇನು ಬಂತು, ಅದನ್ನು ಕೊಳ್ಳುವವರೇ ಇಲ್ಲದಿದ್ದರೆ? ಕೊಟ್ಟಿಗೆಯ ಸಮಸ್ಯೆಯ ಮೂಲ ಕೊಟ್ಟಿಗೆಯಲ್ಲಿ ಇರಲಿಲ್ಲ, ಮಾರುಕಟ್ಟೆಯಲ್ಲಿತ್ತು. ಹುಡುಗ ಪಶುಸಂಗೋಪನೆ ಬಿಟ್ಟು ಕೃಷಿ ಅರ್ಥಶಾಸ್ತ್ರದ ಕಡೆ ತಿರುಗಿದ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟಿತು. ಗಡಿ ದಾಟಿ ಹೋದವರು ಮತ್ತೆ ಕೆನಡಾದಲ್ಲಿ ನೆಲೆಸಲಿಲ್ಲ.

1934ರಲ್ಲಿ ಪಿಎಚ್‌.ಡಿ. ಮುಗಿಯಿತು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ನಡುವೆ ಒಂದಷ್ಟು ದಿನ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟ್ ಸರ್ಕಾರದ ಕೃಷಿ ಇಲಾಖೆಗೂ ದುಡಿದರು. ಆಗ ಅವರು ಅಮೆರಿಕದ ಪ್ರಜೆಯೂ ಆಗಿರಲಿಲ್ಲ! ಪೌರತ್ವ ಸಿಕ್ಕಿದ್ದು 1937ರಲ್ಲಿ. ಆ ವರ್ಷವೇ ಕಿಟ್ಟಿ ಆಟ್‌ವಾಟರ್ ಜೊತೆ ಮದುವೆ. ಮದುವೆಯ ನಂತರ ಇಬ್ಬರೂ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋದರು. ಗಾಲ್‌ಬ್ರೇತರಿಗೆ ಅಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಹತ್ತಿರ ಕಲಿಯುವ ಆಸೆ. ಕೇನ್ಸ್‌ಗೆ ಹೃದಯದ ತೊಂದರೆ ಆಗಿ ಆ ವರ್ಷ ಅವರು ಸಿಗಲೇ ಇಲ್ಲ. ಆದರೂ ಅವರ ಶಿಷ್ಯರು ಸಿಕ್ಕರು, ವಿಚಾರ ಸಿಕ್ಕಿತು. ಆ ವಿಚಾರ ಇಷ್ಟೇ. ಕಷ್ಟಕಾಲದಲ್ಲಿ ಎಲ್ಲರೂ ಕೈ ಬಿಗಿ ಹಿಡಿಯುತ್ತಾರೆ. ಎಲ್ಲರೂ ಕೈ ಬಿಗಿ ಹಿಡಿದರೆ ಯಾರ ಅಂಗಡಿಯಲ್ಲೂ ವ್ಯಾಪಾರ ಆಗುವುದಿಲ್ಲ, ಕೆಲಸಗಳು ಹೋಗುತ್ತವೆ, ಕಷ್ಟ ಇನ್ನೂ ಜಾಸ್ತಿ ಆಗುತ್ತದೆ. ಆಗ ಖರ್ಚು ಮಾಡಬಲ್ಲದ್ದು ಸರ್ಕಾರವೊಂದೇ.

ನಿಜವಾದ ಪಾಠ ಸಿಕ್ಕಿದ್ದು ಮಾತ್ರ ಕಚೇರಿಯಲ್ಲಿ.

1941ರ ವಸಂತದಲ್ಲಿ, 32ನೇ ವಯಸ್ಸಿಗೆ, ಗಾಲ್‌ಬ್ರೇತರ ಕೈಗೆ ಅಮೆರಿಕದ ಬೆಲೆ ನಿಯಂತ್ರಣದ ಕೆಲಸ ಬಂತು. ಯುದ್ಧ ಬಂದಾಗ ಬೆಲೆ ಏಕೆ ಏರುತ್ತದೆ? ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತವೆ, ಜನರ ಕೈಯಲ್ಲಿ ಸಂಬಳ ಓಡಾಡುತ್ತದೆ. ಆದರೆ ತಯಾರಾಗುವುದು ಟ್ಯಾಂಕು, ವಿಮಾನ. ಅವನ್ನು ಯಾರೂ ಮನೆಗೆ ಕೊಂಡೊಯ್ಯುವುದಿಲ್ಲ. ಹಣ ಜಾಸ್ತಿ, ಸಾಮಾನು ಕಡಿಮೆ. ಸಕ್ಕರೆಯಿಂದ ಹಿಡಿದು ಬೂಟಿನವರೆಗೆ ಎಲ್ಲದರ ಬೆಲೆಯೂ ಹಾರುತ್ತದೆ. ಆ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಆಗ್ನೇಯ ಏಷ್ಯಾದ ರಬ್ಬರ್ ಕೈತಪ್ಪುವುದು ಖಚಿತವಾಯಿತು. ಕೆಲವೇ ದಿನಗಳಲ್ಲಿ ಟೈರುಗಳ ಮಾರಾಟವನ್ನು ತಡೆದು ಪಡಿತರ ಮಾಡಲಾಯಿತು. 1942ರ ಏಪ್ರಿಲ್‌ನಲ್ಲಿ ಇನ್ನೂ ದೊಡ್ಡ ಆದೇಶ ಹೊರಬಿತ್ತು. ಮಾರ್ಚ್ ತಿಂಗಳಲ್ಲಿ ಅಂಗಡಿಯವರು ತೆಗೆದುಕೊಂಡ ಅತಿ ಹೆಚ್ಚಿನ ಬೆಲೆ ಯಾವುದೋ ಅದೇ ಇನ್ನು ಮುಂದಿನ ಮಿತಿ. ಹೆಚ್ಚುಕಮ್ಮಿ ಎಲ್ಲ ಸಾಮಾನಿಗೂ ಇದು ಅನ್ವಯ.

ಪುಸ್ತಕದ ಪ್ರಕಾರ ಇದು ಸೋಲಬೇಕಿತ್ತು. ಬೆಲೆ ಕಟ್ಟಿಹಾಕಿದರೆ ಸಾಮಾನು ಮಾಯವಾಗುತ್ತದೆ, ಕಾಳಸಂತೆ ಹುಟ್ಟುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಸೀಮೆಎಣ್ಣೆಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲೂ ಕಾಳಸಂತೆ ಇತ್ತು, ಮಾಂಸದ ವಿಷಯದಲ್ಲಂತೂ ಜೋರಾಗಿಯೇ ಇತ್ತು. ಆದರೂ 1943ರಿಂದ ಯುದ್ಧ ಮುಗಿಯುವವರೆಗೆ ಬೆಲೆಯೇರಿಕೆ ವರ್ಷಕ್ಕೆ ಶೇ 2ರ ಆಸುಪಾಸಿನಲ್ಲೇ ನಿಂತಿತು. 1946ರಲ್ಲಿ ನಿಯಂತ್ರಣ ತೆಗೆದರು. ಆ ಒಂದೇ ವರ್ಷ ಬೆಲೆಗಳು ಸುಮಾರು ಶೇ 18ರಷ್ಟು ಏರಿದವು.

ಇದು ಹೇಗೆ ಸಾಧ್ಯವಾಯಿತು? ಗಾಲ್‌ಬ್ರೇತರ ಉತ್ತರದಲ್ಲಿ ಅವರ ಇಡೀ ಅರ್ಥಶಾಸ್ತ್ರದ ಬೀಜ ಇದೆ. ಸಾವಿರಾರು ರೈತರು ಮಾರುವ ಮಾಂಸದ ಬೆಲೆ ಹಿಡಿಯುವುದು ಬಹಳ ಕಷ್ಟ. ಆದರೆ ಉಕ್ಕು, ಕಾರು, ಟೈರು, ಸಾಬೂನು? ಇವನ್ನು ಮಾಡುವವರು ಬೆರಳೆಣಿಕೆಯ ದೊಡ್ಡ ಕಂಪನಿಗಳು. ಅವರ ಬೆಲೆ ದಿನದಿನಕ್ಕೆ ಏರಿಳಿಯುವುದಿಲ್ಲ. ಅದನ್ನು ಅವರ ಕಚೇರಿಯಲ್ಲೇ ಮೊದಲು ತೀರ್ಮಾನಿಸಿರುತ್ತಾರೆ, ಪಟ್ಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಯಾರೋ ಒಬ್ಬರು ಈಗಾಗಲೇ ಹಿಡಿದಿಟ್ಟಿರುವ ಬೆಲೆಯನ್ನು ಸರ್ಕಾರ ಹಿಡಿಯುವುದು ಸುಲಭ. ಅಂದರೆ ಬೆಲೆ ನಿಯಂತ್ರಣ ಯುದ್ಧದ ಜೊತೆ ಬಂದದ್ದಲ್ಲ. ಅದು ಮೊದಲಿಂದಲೂ ಇತ್ತು, ಮಾಡುವವರು ಬೇರೆ ಇದ್ದರು ಅಷ್ಟೇ.

ವ್ಯಾಪಾರಸ್ಥರಿಗೂ ಸಂಸತ್ತಿನ ಸದಸ್ಯರಿಗೂ ಅವರು ಬೇಡವಾದರು. 1943ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿಂದ ಹೋದದ್ದು ಫಾರ್ಚೂನ್ ಪತ್ರಿಕೆಗೆ, ಉದ್ಯಮಿಗಳೇ ಓದುವ ಪತ್ರಿಕೆ ಅದು. ದೊಡ್ಡ ಕಂಪನಿಗಳ ಒಳಗನ್ನು ಹತ್ತಿರದಿಂದ ನೋಡಿದ್ದು ಅಲ್ಲಿ. ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಬರೆಯುವುದನ್ನು ಕಲಿತದ್ದೂ ಅಲ್ಲೇ.

1945ರಲ್ಲಿ ಮತ್ತೊಂದು ಕೆಲಸಕ್ಕೆ ಕರೆ ಬಂತು. ಜರ್ಮನಿಯ ಮೇಲೆ ಸುರಿದ ಬಾಂಬುಗಳಿಂದ ನಿಜಕ್ಕೂ ಎಷ್ಟು ಪ್ರಯೋಜನವಾಯಿತು ಎಂದು ಲೆಕ್ಕ ಹಾಕುವ ತಂಡದ ಒಬ್ಬ ನಿರ್ದೇಶಕರಾದರು. ಹಿಟ್ಲರನ ಶಸ್ತ್ರಾಸ್ತ್ರ ಮಂತ್ರಿ ಆಲ್ಬರ್ಟ್ ಸ್ಪೀರ್‌ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು, ಕಡತ ತೆಗೆಸಿದರು. ಕಂಡ ಸಂಗತಿ ಸೇನೆಯವರಿಗೆ ರುಚಿಸುವಂಥದ್ದಾಗಿರಲಿಲ್ಲ. 1944ರ ಫೆಬ್ರವರಿಯಲ್ಲಿ ವಿಮಾನ ಕಾರ್ಖಾನೆಗಳ ಮೇಲೆ ಭಾರಿ ದಾಳಿ ನಡೆದಿತ್ತು. ಅದಾದ ಮೇಲಿನ ತಿಂಗಳುಗಳಲ್ಲಿ ಜರ್ಮನಿ ಮಾಡಿದ ವಿಮಾನಗಳ ಸಂಖ್ಯೆ ಏರಿತ್ತು! ಮೇಲಿನವರ ಒತ್ತಡ ಎಷ್ಟಿದ್ದರೂ ಗಾಲ್‌ಬ್ರೇತ್ ಲೆಕ್ಕವನ್ನು ಇದ್ದ ಹಾಗೆಯೇ ಬರೆಯಬೇಕೆಂದು ಹಟ ಹಿಡಿದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, 1962ರ ದೆಹಲಿಯಲ್ಲಿ ಮತ್ತೆ ಬೇಕಾಗುತ್ತದೆ.

1949ರಲ್ಲಿ ಹಾರ್ವರ್ಡ್‌ನಲ್ಲಿ ಪೂರ್ಣ ಪ್ರೊಫೆಸರ್ ಆದರು. ಮುಂದಿನ ಹತ್ತು ವರ್ಷ ಒಂದಾದ ಮೇಲೊಂದು ಪುಸ್ತಕ ಬಂತು. ಅವುಗಳಲ್ಲಿ ಎರಡು ವಿಚಾರಗಳನ್ನು ಬಿಡಿಸಿ ಹೇಳಲೇಬೇಕು.

ಮೊದಲನೆಯದು 1952ರ ಪುಸ್ತಕದ ವಿಚಾರ. ಒಂದು ಕಡೆ ಬಲ ಜಾಸ್ತಿಯಾದರೆ ಅದನ್ನು ತಡೆಯುವುದು ಹೇಗೆ? ಅದೇ ವ್ಯಾಪಾರದಲ್ಲಿ ಪೈಪೋಟಿಗೆ ಇನ್ನೊಬ್ಬ ಬರುತ್ತಾನೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಗಾಲ್‌ಬ್ರೇತ್ ಹೇಳಿದ್ದು ಬೇರೆ. ಎದುರಿಗೆ ಕೂತವರು ಸಂಘ ಕಟ್ಟುತ್ತಾರೆ. ದೊಡ್ಡ ಕಾರ್ಖಾನೆಯ ಎದುರು ಕಾರ್ಮಿಕ ಸಂಘ, ದೊಡ್ಡ ತಯಾರಕರ ಎದುರು ದೊಡ್ಡ ಚಿಲ್ಲರೆ ಮಳಿಗೆ, ಕೊಳ್ಳುವವರ ಎದುರು ರೈತರ ಸಹಕಾರ ಸಂಘ. ಇದನ್ನು ಅವರು ಎದುರು ಬಲ ಎಂಬ ಅರ್ಥದ ಹೆಸರಿನಿಂದ ಕರೆದರು. ಕರಾವಳಿ, ಮಲೆನಾಡಿನವರಿಗೆ ಇದು ಗಾಲ್‌ಬ್ರೇತರನ್ನು ಓದದೆಯೇ ಗೊತ್ತು. ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಂಘ ಅದು. ಅಡಿಕೆ ಕೊಳ್ಳಲು ಬೆಳೆಗಾರರದೇ ಒಂದು ಸಂಸ್ಥೆ ಪೇಟೆಗೆ ಇಳಿದ ಮೇಲೆ ಬೆಲೆ ಹೇಳುವ ಬಾಯಿ ಎರಡಾದವು. ಮುಂದೆ ಕೊಕ್ಕೋ ಬೆಳೆದವರಿಗೆ ಕೊಳ್ಳುವವರು ಇಲ್ಲದಾದಾಗ ಅದನ್ನೂ ಕ್ಯಾಂಪ್ಕೊ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಈ ಸಂಘಕ್ಕೂ ಗಾಲ್‌ಬ್ರೇತರಿಗೂ ಸಂಬಂಧವಿಲ್ಲ. ಆದರೆ ಅವರು ಹೇಳಿದ್ದು ಕಣ್ಣಿಗೆ ಕಾಣಬೇಕೆಂದರೆ ಪುತ್ತೂರಿಗಿಂತ ಒಳ್ಳೆಯ ಜಾಗ ನನಗೆ ಹೊಳೆಯುವುದಿಲ್ಲ.

ಎರಡನೆಯದು 1958ರ ಪುಸ್ತಕ. ಜನ ಯಾಕೆ ಬಡವರಾಗಿದ್ದಾರೆ ಎಂದು ಬರೆಯಲು ಕೂತವರು, ಬರೆಯುತ್ತಾ ಬರೆಯುತ್ತಾ ಸಿರಿವಂತ ಸಮಾಜದ ಬಗ್ಗೆಯೇ ಬರೆದರು. ವಾದ ಹೀಗಿದೆ. ಹಸಿದವನಿಗೆ ಅನ್ನ ಬೇಕು ಎಂದು ಯಾರೂ ಜಾಹೀರಾತು ಕೊಡಬೇಕಾಗಿಲ್ಲ. ಹೊಟ್ಟೆ ತುಂಬಿದವನಿಗೆ ಹೊಸ ಮಾಡೆಲಿನ ಕಾರು ಬೇಕು ಎಂದು ಹೇಳಿಕೊಡಬೇಕು. ಸಾಮಾನು ತಯಾರಿಸುವ ಕಂಪನಿಯೇ ಅದರ ಆಸೆಯನ್ನೂ ತಯಾರಿಸುತ್ತದೆ. ಹಾಗಾದರೆ ಆ ಆಸೆ ತೀರಿಸಿದ್ದನ್ನೇ ದೇಶದ ಪ್ರಗತಿ ಎಂದು ಎಣಿಸುವುದು ಎಷ್ಟು ಸರಿ? ಇನ್ನೊಂದು ತೊಡಕೂ ಇದೆ. ಕಾರಿಗೆ ಜಾಹೀರಾತು ಇದೆ, ರಸ್ತೆಗೆ ಇಲ್ಲ. ಸಾಬೂನಿಗೆ ಇದೆ, ಶಾಲೆಗೆ ಇಲ್ಲ. ಹೀಗಾಗಿ ಖಾಸಗಿ ಬದುಕು ಮಿಂಚುತ್ತದೆ, ಎಲ್ಲರಿಗೂ ಸೇರಿದ್ದು ಹಾಳು ಬೀಳುತ್ತದೆ. ಬೆಂಗಳೂರಿನ ಯಾವುದೇ ಹೊಸ ಬಡಾವಣೆಗೆ ಹೋಗಿ ನೋಡಿ. ಗೇಟಿನ ಒಳಗೆ ಗ್ರಾನೈಟ್ ನೆಲ, ಹೊರಗೆ ಬಾಯ್ತೆರೆದ ಚರಂಡಿ. ಹೌದು ಅಲ್ವಾ?

ಈ ವಾದಕ್ಕೆ ಗಟ್ಟಿ ಉತ್ತರವೂ ಬಂತು. ಮುಕ್ತ ಮಾರುಕಟ್ಟೆಯ ಪರ ನಿಂತ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1961ರಲ್ಲಿ ಬರೆದರು: ಸಂಗೀತ, ಸಾಹಿತ್ಯದ ಆಸೆಯನ್ನೂ ನಾವು ಹೊಟ್ಟೆಯಲ್ಲಿ ಇಟ್ಟುಕೊಂಡು ಹುಟ್ಟುವುದಿಲ್ಲ. ಅದನ್ನೂ ಬೇರೆಯವರೇ ಕಲಿಸಿದ್ದು. ಬೇರೆಯವರಿಂದ ಬಂದ ಆಸೆ ಎಂದ ಮಾತ್ರಕ್ಕೆ ಅದು ಕೀಳಾಗುತ್ತದೆಯೇ? ಇದಕ್ಕೆ ಗಾಲ್‌ಬ್ರೇತರ ಹತ್ತಿರ ಪೂರ್ತಿ ಉತ್ತರ ಇತ್ತು ಎಂದು ನನಗೆ ಅನ್ನಿಸುವುದಿಲ್ಲ. ಚರಂಡಿಯ ಮಾತಿಗೆ ಮಾತ್ರ ಹಯೆಕ್ ಉತ್ತರದಿಂದ ಏನೂ ಆಗುವುದಿಲ್ಲ.

ಭಾರತಕ್ಕೆ ಅವರು ಮೊದಲು ಬಂದದ್ದು 1956ರಲ್ಲಿ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಕರೆಯ ಮೇಲೆ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ. ಎರಡನೇ ಪಂಚವಾರ್ಷಿಕ ಯೋಜನೆ ಶುರುವಾಗುತ್ತಿದ್ದ ಹೊತ್ತು. ಹೊಸ ಉಕ್ಕಿನ ಕಾರ್ಖಾನೆ, ಅಣೆಕಟ್ಟು, ಯಂತ್ರ, ಎಲ್ಲವನ್ನೂ ಸರ್ಕಾರವೇ ಕಟ್ಟುವ ಉತ್ಸಾಹ. ಸರ್ಕಾರಿ ಉದ್ಯಮದ ಪರವಾಗಿದ್ದ ಗಾಲ್‌ಬ್ರೇತರಿಗೆ ಇಲ್ಲಿ ಒಂದು ಅನುಮಾನ ಬಂತು. ಭಾರತ ತನ್ನ ಕಾರ್ಖಾನೆಗಳನ್ನು ಅಂಚೆ ಕಚೇರಿಯ ಹಾಗೆ ನಡೆಸುತ್ತಿದೆ ಎಂದರು. ಲಾಭವೂ ಬೇಡ, ನಷ್ಟವೂ ಬೇಡ, ಪ್ರತಿಯೊಂದಕ್ಕೂ ಇಲಾಖೆಯ ಒಪ್ಪಿಗೆ ಬೇಕು. ಹೀಗಾದರೆ ಮುಂದಿನ ಕಾರ್ಖಾನೆಗೆ ದುಡ್ಡು ಎಲ್ಲಿಂದ ಬರಬೇಕು? ಇದಕ್ಕೆ ಅಂಚೆ ಕಚೇರಿ ಸಮಾಜವಾದ ಎಂದೇ ಹೆಸರಿಟ್ಟರು. ಕಾರ್ಖಾನೆ ಸರ್ಕಾರದ್ದೇ ಇರಲಿ, ಆದರೆ ಅದಕ್ಕೆ ತನ್ನ ನಿರ್ಧಾರ ತಾನು ತೆಗೆದುಕೊಳ್ಳುವ ಸ್ವಾತಂತ್ರ್ಯವಿರಲಿ, ಲಾಭ ಮಾಡಲಿ ಎಂಬುದು ಅವರ ಸಲಹೆ. ಅವರನ್ನು ಬರೀ ಸರ್ಕಾರದ ಪರದವರು ಎಂದು ಬಗೆದವರು ಈ ಮಾತನ್ನು ಗಮನಿಸುವುದಿಲ್ಲ.

ಜಾನ್ ಎಫ್. ಕೆನಡಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಾಲ್‌ಬ್ರೇತ್ ಅವರಿದ್ದ ವಿಂಥ್ರಪ್ ಹೌಸ್ ಎಂಬ ವಿದ್ಯಾರ್ಥಿ ನಿಲಯದಲ್ಲಿ ಮೇಷ್ಟ್ರು. ಆ ಹುಡುಗ ಅಧ್ಯಕ್ಷನಾದ ಮೇಲೆ, 1961ರ ಏಪ್ರಿಲ್‌ನಲ್ಲಿ ಮೇಷ್ಟ್ರು ರಾಯಭಾರಿಯಾಗಿ ದೆಹಲಿಗೆ ಬಂದರು.

ರಾಯಭಾರಿಯ ಕೆಲಸ ಏನು? ತನ್ನ ದೇಶದ ಮಾತನ್ನು ಇಲ್ಲಿ ಹೇಳಬೇಕು, ಇಲ್ಲಿಯ ಮಾತನ್ನು ಅಲ್ಲಿ ಹೇಳಬೇಕು. ಎರಡನೆಯದು ಹೆಚ್ಚು ಕಷ್ಟ. ಏಕೆಂದರೆ ತಂತಿ ಸಂದೇಶ ಹೋಗುವುದು ವಿದೇಶಾಂಗ ಇಲಾಖೆಗೆ. ಅಲ್ಲಿ ಮೇಜಿನಿಂದ ಮೇಜಿಗೆ ಸಾಗಿ ಮೇಲಕ್ಕೆ ತಲುಪುವಷ್ಟರಲ್ಲಿ ಮಾತಿನ ಬಿಸಿ ಆರಿರುತ್ತದೆ. ಶಕ್ತಿ ಎಲ್ಲಿದೆ ಎಂದು ಹುಡುಕುವುದೇ ಕಸುಬಾಗಿದ್ದವರಿಗೆ ಇದು ಅರ್ಥವಾಗದೆ ಇದ್ದೀತೇ? ಗಾಲ್‌ಬ್ರೇತ್ ನೇರವಾಗಿ ಅಧ್ಯಕ್ಷರಿಗೇ ಕಾಗದ ಬರೆದರು. ಉದ್ದುದ್ದ, ರಸವತ್ತಾದ ಕಾಗದಗಳು. ಭಾರತದ ಬಗ್ಗೆಯಷ್ಟೇ ಅಲ್ಲ, ಅಮೆರಿಕದ ತೆರಿಗೆ, ಡಾಲರು, ವಿಯೆಟ್ನಾಂ, ಎಲ್ಲದರ ಬಗ್ಗೆ. ಕೆನಡಿ ಅವನ್ನು ಇಷ್ಟಪಟ್ಟು ಓದುತ್ತಿದ್ದರು. ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಅವರಿಗೆ ಇದು ಹಿಡಿಸಲಿಲ್ಲ. 1961ರ ನವೆಂಬರ್‌ನಲ್ಲಿ ಕೆನಡಿಯ ಕೋರಿಕೆಯಂತೆ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್‌ಗೂ ಹೋಗಿ ಬಂದರು. ಅಲ್ಲಿ ಸೈನ್ಯ ಇಳಿಸಬೇಡಿ ಎಂದು ಬರೆದರು. ಆ ಮಾತು ಉಳಿದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ.

ಆ ಕಾಲದ ಭಾರತ ಮತ್ತು ಅಮೆರಿಕದ ನಂಟಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು ಪಿ.ಎಲ್. 480. ಇದು 1954ರ ಒಂದು ಅಮೆರಿಕನ್ ಕಾನೂನಿನ ಸಂಖ್ಯೆ. ಅಮೆರಿಕದ ಸರ್ಕಾರ ತನ್ನ ರೈತರಿಗೆ ಬೆಂಬಲ ಬೆಲೆ ಕೊಡುತ್ತಿತ್ತು. ಅದರಿಂದ ಗೋಧಿ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದು ಗೋದಾಮುಗಳಲ್ಲಿ ಬಿದ್ದಿತ್ತು. ಭಾರತಕ್ಕೆ ಗೋಧಿ ಬೇಕು, ಕೊಳ್ಳಲು ಡಾಲರ್ ಇಲ್ಲ. ಸರಿ, ರೂಪಾಯಿಯಲ್ಲೇ ಕೊಡಿ ಎಂದಿತು ಆ ಕಾನೂನು. ಆ ರೂಪಾಯಿಗಳು ಭಾರತದಲ್ಲೇ ಅಮೆರಿಕದ ಲೆಕ್ಕದಲ್ಲಿ ಜಮೆಯಾಗಿ, ಬಹುಪಾಲು ಇಲ್ಲಿನ ಯೋಜನೆಗಳಿಗೇ ಸಾಲವಾಗಿ ಹೋಗುತ್ತಿದ್ದವು. 1960ರ ಮೇ ತಿಂಗಳ ಒಪ್ಪಂದವೊಂದರಲ್ಲೇ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿಯ ಮಾತಾಗಿತ್ತು. ಇದೇ ಆಹಾರ ನೆರವಿನ ಇನ್ನೊಂದು ಕವಲು ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಮೂಲಕ ಶಾಲೆಗಳಿಗೆ ಬಂತು. ಆ ಕಾಲದಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ನೆನಪಿರುತ್ತದೆ. ಆ ತಟ್ಟೆಯ ಹಿಂದೆ ಅಮೆರಿಕದ ರೈತನ ಬೆಂಬಲ ಬೆಲೆ ಇತ್ತು. ಅಗ್ಗದ ಗೋಧಿ ಹಡಗಿನಲ್ಲಿ ಬಂದಿಳಿದರೆ ಇಲ್ಲಿಯ ರೈತನಿಗೆ ಸಿಗುವ ಬೆಲೆ ಏನಾಗಬೇಕು ಎಂಬ ಪ್ರಶ್ನೆಯೂ ಆಗಲೇ ಎದ್ದಿತ್ತು.

ಗೋಧಿ ಕೊಟ್ಟ ಅಮೆರಿಕ ಉಕ್ಕಿನ ಕಾರ್ಖಾನೆ ಕೊಡಲಿಲ್ಲ. ಬೊಕಾರೊದಲ್ಲಿ ಸರ್ಕಾರಿ ಕಾರ್ಖಾನೆಗೆ ಅಮೆರಿಕ ನೆರವಾಗಬೇಕು ಎಂದು ಗಾಲ್‌ಬ್ರೇತ್ ಬಹಳ ಹೋರಾಡಿದರು. ಭಿಲಾಯಿಯಲ್ಲಿ ರಷ್ಯನ್ನರು ಕಟ್ಟಿಕೊಟ್ಟದ್ದು ಎಲ್ಲರ ಕಣ್ಣೆದುರೇ ಇತ್ತು. ಕೆನಡಿ ಒಪ್ಪಿದ್ದರು. ಆದರೆ ಬೇರೆ ದೇಶದ ಸರ್ಕಾರಿ ಉದ್ಯಮಕ್ಕೆ ನಮ್ಮ ತೆರಿಗೆ ಹಣ ಯಾಕೆ ಎಂದು ಅಮೆರಿಕದ ಸಂಸತ್ತು ತಕರಾರು ತೆಗೆಯಿತು. 1963ರಲ್ಲಿ ಭಾರತ ತಾನೇ ಕೋರಿಕೆ ಹಿಂದಕ್ಕೆ ತೆಗೆದುಕೊಂಡಿತು. ಕೊನೆಗೆ ಅದನ್ನೂ ಕಟ್ಟಲು ನೆರವಾದದ್ದು ಸೋವಿಯತ್ ರಷ್ಯಾ.

1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿ ಬಂತು. ವಾಷಿಂಗ್ಟನ್ನಿಗೆ ಅದರ ಕಡೆ ನೋಡಲು ಪುರುಸೊತ್ತು ಇರಲಿಲ್ಲ. ಕ್ಯೂಬಾದಲ್ಲಿ ರಷ್ಯಾದ ಕ್ಷಿಪಣಿಗಳು ಪತ್ತೆಯಾಗಿ ಅಣುಯುದ್ಧದ ಭಯ ಕವಿದಿದ್ದ ವಾರವೇ ಅದು. ಅರ್ಥಶಾಸ್ತ್ರದ ಮೇಷ್ಟ್ರು ದೆಹಲಿಯಲ್ಲಿ ಬಹುಪಾಲು ಒಬ್ಬರೇ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಬ್ರಿಟಿಷರ ಕಾಲದಲ್ಲಿ ಭಾರತಕ್ಕೂ ಟಿಬೆಟ್ಟಿಗೂ ನಡುವೆ ಎಳೆದ ಮೆಕ್‌ಮಹೋನ್ ರೇಖೆಯೇ ಗಡಿ ಎಂದು ಅಮೆರಿಕ ಬಹಿರಂಗವಾಗಿ ಒಪ್ಪುವಂತೆ ಮಾಡಿದ್ದು ಅವರೇ. ಇದು ಸಣ್ಣ ವಿಷಯವಾಗಿರಲಿಲ್ಲ. ಏಕೆಂದರೆ ಅಮೆರಿಕದ ಗೆಳೆಯನಾದ ತೈವಾನಿನ ಸರ್ಕಾರವೂ ಆ ರೇಖೆಯನ್ನು ಒಪ್ಪುತ್ತಿರಲಿಲ್ಲ. ಅಕ್ಟೋಬರ್ 29ರಂದು ನೆಹರೂ ಶಸ್ತ್ರಾಸ್ತ್ರ ಕೇಳಿದರು. ನವೆಂಬರ್ ಮೊದಲ ವಾರದಲ್ಲೇ ಅಮೆರಿಕದ ವಿಮಾನಗಳು ಕಲ್ಕತ್ತೆಗೆ ಸಾಮಗ್ರಿ ಇಳಿಸತೊಡಗಿದವು. ಇದೇ ಹೊತ್ತು ಪಾಕಿಸ್ತಾನ ಪಶ್ಚಿಮದಿಂದ ತೊಂದರೆ ಕೊಡದಂತೆ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಮೇಲೆ ಕೆನಡಿ ಒತ್ತಡ ಹಾಕಿದರು.

ಭಾರತ ತನ್ನ ವಾಯುಪಡೆಯನ್ನು ದಾಳಿಗೆ ಬಳಸಲೇ ಇಲ್ಲ. ಬಳಸಬೇಡಿ ಎಂಬುದು ಗಾಲ್‌ಬ್ರೇತರ ಸಲಹೆಯೂ ಆಗಿತ್ತು. ಚೀನಾ ತಿರುಗಿ ಕಲ್ಕತ್ತೆಯಂಥ ನಗರಗಳ ಮೇಲೆ ಬಾಂಬು ಹಾಕಿದರೆ ಏನು ಗತಿ ಎಂಬ ಭಯ. ಇದು ತಪ್ಪು ಸಲಹೆ ಎಂದು ವಾದಿಸುವ ಸೇನಾ ತಜ್ಞರು ಇವತ್ತಿಗೂ ಇದ್ದಾರೆ. 1945ರಲ್ಲಿ ಜರ್ಮನಿಯಲ್ಲಿ ಕಂಡ ಲೆಕ್ಕ ಗಾಲ್‌ಬ್ರೇತರ ಮನಸ್ಸಿನಲ್ಲಿ ಇದ್ದೇ ಇತ್ತು ಎಂದು ನಾನು ನಂಬುತ್ತೇನೆ. ನವೆಂಬರ್ 19ರಂದು, ಎಲ್ಲ ಕೈಮೀರುತ್ತಿದ್ದಾಗ, ನೆಹರೂ ಅಮೆರಿಕದ ಯುದ್ಧವಿಮಾನಗಳನ್ನೇ ಕಳಿಸಿ ಎಂದು ಕೆನಡಿಗೆ ಪತ್ರ ಬರೆದರು. 21ರಂದು ಚೀನಾ ತಾನಾಗಿ ಕದನ ನಿಲ್ಲಿಸಿತು.

ಯುದ್ಧದ ಕಥೆ ಜೋರಾದದ್ದು, ಹಾಗಾಗಿ ಅದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಕಾನ್ಪುರ. ಅಲ್ಲಿನ ಐಐಟಿಗೆ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಕೂಡಿ ನೆರವಾಗುವ ಹತ್ತು ವರ್ಷದ ಕಾರ್ಯಕ್ರಮ 1962ರಲ್ಲಿ ಶುರುವಾಯಿತು. ಗಾಲ್‌ಬ್ರೇತ್ ಅದರ ಬೆನ್ನಿಗೆ ನಿಂತರು. 1963ರ ಆಗಸ್ಟ್‌ನಲ್ಲಿ ಅಲ್ಲಿಗೆ ಐಬಿಎಂ 1620 ಕಂಪ್ಯೂಟರ್ ಬಂತು. ವಿದ್ಯಾರ್ಥಿಗಳು ಕಂಪ್ಯೂಟರ್ ಮುಟ್ಟಿ ಕಲಿಯಬಹುದಾದ ಜಾಗ ಆಗ ದೇಶದಲ್ಲಿ ಬೇರೆ ಇರಲಿಲ್ಲ ಎನ್ನುವಷ್ಟು ಅಪರೂಪ. ನಮ್ಮ ಸಿ.ಎನ್.ಆರ್. ರಾವ್ ಅದೇ 1963ರಲ್ಲಿ ಕಾನ್ಪುರಕ್ಕೆ ಅಧ್ಯಾಪಕರಾಗಿ ಹೋದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಎನ್.ಆರ್. ನಾರಾಯಣ ಮೂರ್ತಿ ಅಲ್ಲಿ ಎಂ.ಟೆಕ್. ಓದಿ 1969ರಲ್ಲಿ ಹೊರಬಂದರು. ಬೆಂಗಳೂರಿನ ಸಾಫ್ಟ್‌ವೇರ್ ಕಥೆ ಬರೆಯುವವರು ಎಲೆಕ್ಟ್ರಾನಿಕ್ಸ್ ಸಿಟಿಯಿಂದ ಶುರು ಮಾಡುತ್ತಾರೆ. ಅದರ ಒಂದು ಬೇರು ಗಂಗೆಯ ದಡದ ಆ ಕಂಪ್ಯೂಟರ್ ಕೋಣೆಗೂ ಹೋಗುತ್ತದೆ.

1963ರ ಜುಲೈನಲ್ಲಿ ಅವರು ಹಾರ್ವರ್ಡ್‌ಗೆ ಮರಳಿದರು. ನಾಲ್ಕು ತಿಂಗಳಲ್ಲಿ ಕೆನಡಿ ಕೊಲೆಯಾದರು. ವಿಯೆಟ್ನಾಂ ಯುದ್ಧವನ್ನು ಗಾಲ್‌ಬ್ರೇತ್ ಈಗ ಬಹಿರಂಗವಾಗಿ ವಿರೋಧಿಸಿದರು. 1967ರಲ್ಲಿ ಬಂದ ಪುಸ್ತಕದಲ್ಲಿ ಹಳೆಯ ಪ್ರಶ್ನೆಯನ್ನು ಕಂಪನಿಯ ಒಳಗೇ ತೆಗೆದುಕೊಂಡು ಹೋದರು. ದೊಡ್ಡ ಕಂಪನಿಯಲ್ಲಿ ಅಧಿಕಾರ ಯಾರದು? ಷೇರುದಾರರದಲ್ಲ, ಮಾಲೀಕರದೂ ಅಲ್ಲ. ಎಂಜಿನಿಯರು, ಮ್ಯಾನೇಜರು, ಲೆಕ್ಕಿಗರು, ಮಾರಾಟದವರು ಎಲ್ಲ ಸೇರಿದ ಒಂದು ದೊಡ್ಡ ಬಳಗದ್ದು ಎಂದರು. ಅವರಿಗೆ ಲಾಭಕ್ಕಿಂತ ಕಂಪನಿ ಬೆಳೆಯುವುದು ಮುಖ್ಯ, ಅದಕ್ಕೆ ಮಾರುಕಟ್ಟೆಯನ್ನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದು ವಾದ. ಅರ್ಧ ಸರಿ ಅರ್ಧ ತಪ್ಪು ಎಂದು ಕಾಲ ತೋರಿಸಿತು. 1970ರ ದಶಕದಲ್ಲಿ ಜಪಾನಿನ ಸಣ್ಣ ಕಾರುಗಳು ಬಂದಾಗ ಅಮೆರಿಕದ ದೈತ್ಯ ಕಾರು ಕಂಪನಿಗಳು ಮಾರುಕಟ್ಟೆಯನ್ನು ಹಿಡಿದಿಡಲಾಗದೆ ತತ್ತರಿಸಿದವು.

ಸಹೋದ್ಯೋಗಿಗಳು ಅವರನ್ನು ಪೂರ್ತಿ ಒಪ್ಪಲೇ ಇಲ್ಲ. 1972ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾದರು. ನೊಬೆಲ್ ಮಾತ್ರ ಬರಲಿಲ್ಲ. ಸಮೀಕರಣಗಳಿಲ್ಲ, ಅಳೆದು ನೋಡಬಹುದಾದ ಸಿದ್ಧಾಂತವಿಲ್ಲ, ಬರೀ ಚೆಂದದ ಬರಹ ಎಂಬ ದೂರು. ಇದರಲ್ಲಿ ಹುರುಳಿದೆ. ಹಾಗೆಂದು, ಅಳೆಯಲು ಬರುವುದಿಲ್ಲ ಎಂದು ಅಧಿಕಾರವನ್ನೇ ಲೆಕ್ಕದಿಂದ ಬಿಟ್ಟವರು ರೈತನ ಬೆಲೆಯನ್ನು ವಿವರಿಸಿದ್ದಾರೆಯೇ? ನನಗೆ ಹಾಗೆ ಕಾಣುವುದಿಲ್ಲ.

1979ರಲ್ಲಿ ಅವರು ಬರೆದ ಒಂದು ಸಣ್ಣ ಪುಸ್ತಕ ನನಗೆ ಎಲ್ಲಕ್ಕಿಂತ ಇಷ್ಟ. ಭಾರತದ ಹಳ್ಳಿಗಳನ್ನು ನೋಡಿದ ಅನುಭವ ಅದರ ತುಂಬ ಇದೆ. ಬಡ ರೈತ ಹೊಸ ಬೀಜ ಏಕೆ ಬಿತ್ತುವುದಿಲ್ಲ? ಸೋಮಾರಿತನ, ತಿಳಿವಳಿಕೆ ಇಲ್ಲ ಎಂದು ಪೇಟೆಯವರು ಹೇಳುತ್ತಾರೆ. ಗಾಲ್‌ಬ್ರೇತ್ ಒಪ್ಪುವುದಿಲ್ಲ. ಉಳ್ಳವನ ಬೆಳೆ ಹೋದರೆ ಹಣ ಹೋಗುತ್ತದೆ. ಇಲ್ಲದವನ ಬೆಳೆ ಹೋದರೆ ಮಕ್ಕಳ ಊಟ ಹೋಗುತ್ತದೆ. ತಲೆಮಾರುಗಟ್ಟಲೆ ಹೀಗೆ ಬದುಕಿದವರು ಬಡತನಕ್ಕೆ ಒಗ್ಗಿಕೊಳ್ಳುತ್ತಾರೆ. ಅದು ಅವರ ಬುದ್ಧಿವಂತಿಕೆಯೇ ಹೊರತು ದಡ್ಡತನವಲ್ಲ. ಆದರೆ ಪ್ರತಿ ಊರಿನಲ್ಲೂ ಒಗ್ಗಿಕೊಳ್ಳಲು ಒಪ್ಪದ ಕೆಲವರು ಇರುತ್ತಾರೆ. ಅವರಿಗೆ ಶಾಲೆ ಕೊಡಿ, ಇಲ್ಲವಾದರೆ ಹೊರಗೆ ಹೋಗುವ ದಾರಿ ಬಿಡಿ ಎನ್ನುತ್ತಾರೆ. ಬಡತನದ ವಿರುದ್ಧ ಮನುಷ್ಯ ಕಂಡುಕೊಂಡ ಅತಿ ಹಳೆಯ ಉಪಾಯ ವಲಸೆ. ಹೋದವನಿಗೂ ಒಳ್ಳೆಯದು, ಹೋದ ದೇಶಕ್ಕೂ ಒಳ್ಳೆಯದು. ಇಷ್ಟಾದರೂ ದೇಶಗಳು ಬಾಗಿಲು ಹಾಕಿಕೊಳ್ಳುವುದು ಏಕೆ ಎಂದು ಅವರಿಗೆ ನಿಜವಾದ ಅಚ್ಚರಿ.

ಈ ಭಾಗ ಓದುವಾಗ ಅವರು ಬೇರೆ ಯಾರ ಬಗ್ಗೆಯೋ ಬರೆಯುತ್ತಿದ್ದಾರೆ ಎಂದು ಅನ್ನಿಸುವುದಿಲ್ಲ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗೇಣಿದಾರರನ್ನು ಒಕ್ಕಲೆಬ್ಬಿಸಿ ಕುರಿ ಬಿಟ್ಟ ಕಥೆಯನ್ನು ಅವರು ಅಲ್ಲಿ ತರುತ್ತಾರೆ. ಹಾಗೆ ಊರು ಬಿಟ್ಟವರು ಹಡಗು ಹತ್ತಿ ಕೆನಡಾಕ್ಕೆ ಬಂದರು, ಕಾಡು ಕಡಿದು ಹೊಲ ಮಾಡಿಕೊಂಡರು, ಅಲ್ಲಿ ಉಳಿದವರಿಗಿಂತ ಎಷ್ಟೋ ಮೇಲಾಗಿ ಬದುಕಿದರು. ಈರೀ ಸರೋವರದ ದಡದ ಆ ಹೊಲಗಳ ನಡುವೆಯೇ ಆರ್ಚಿ ಗಾಲ್‌ಬ್ರೇತ್ ತಿಪ್ಪೆಯ ಮೇಲೆ ಹತ್ತಿ ನಿಂತದ್ದು.